ಟರ್ಬೊಪ್ರಾಪ್ ವಿಮಾನಗಳಲ್ಲಿ ಐಸಿಂಗ್

ಶೂನ್ಯ ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದೂ ಹೆಪ್ಪುಗಟ್ಟದೆ ಮೋಡದಲ್ಲಿ ದ್ರವವಾಗಿಯೇ ಉಳಿಯುವ ನೀರಹನಿಗಳಿಗೆ ಅತಿಶೀತಲ ಹನಿಗಳೆಂದು ಹೆಸರು. ಇವು ಹಾರುತ್ತಿರುವ ವಿಮಾನಕ್ಕೆ ತಗುಲಿ ಮಂಜುಗಡ್ಡೆಯಾಗಿ ಅಂಟಿಕೊಳ್ಳುವುದೇ ಐಸಿಂಗ್. ಇದರಿಂದ ರೆಕ್ಕೆಯ ಆಕಾರ ಕೆಟ್ಟು, ವಿಮಾನವನ್ನು ಎತ್ತಿಹಿಡಿಯುವ ಬಲ ಕುಗ್ಗಿ, ಗಾಳಿಯ ತಡೆ ಹೆಚ್ಚುತ್ತದೆ. ಆ ಬಲ ಥಟ್ಟನೆ ಕುಸಿಯುವ 'ಸ್ಟಾಲ್' ಸ್ಥಿತಿ ಮಾಮೂಲಿಗಿಂತ ಹೆಚ್ಚಿನ ವೇಗದಲ್ಲೇ ಎದುರಾಗುತ್ತದೆ.

ಜೆಟ್ ವಿಮಾನಗಳು ಇಂತಹ ಮೋಡಗಳನ್ನು ಬೇಗನೆ ದಾಟಿ ಮೇಲೇರುತ್ತವೆ. ಟರ್ಬೈನ್ ಎಂಜಿನ್ನಿನಿಂದ ಪ್ರೊಪೆಲರ್ ತಿರುಗಿಸುವ ಟರ್ಬೊಪ್ರಾಪ್ ವಿಮಾನಗಳಾದರೋ ಸಾಮಾನ್ಯವಾಗಿ 25,000 ಅಡಿಯೊಳಗೆ, ಅಂದರೆ ಐಸಿಂಗ್ ಹೆಚ್ಚಾಗಿರುವ ಪದರದಲ್ಲೇ, ಬಹಳ ಹೊತ್ತು ಹಾರಬೇಕಾಗುತ್ತದೆ. ರೆಕ್ಕೆಯನ್ನು ಬಿಸಿಯಾಗಿಡಲು ಬೇಕಾಗುವಷ್ಟು ಬಿಸಿಗಾಳಿಯನ್ನು ಎಂಜಿನ್ನಿನಿಂದ ಸೆಳೆಯುವುದು ಕಷ್ಟವಾದ್ದರಿಂದ, ಬಹುತೇಕ ಟರ್ಬೊಪ್ರಾಪ್‌ಗಳಲ್ಲಿ ರೆಕ್ಕೆಯ ಮುಂದಿನ ಅಂಚಿಗೆ ರಬ್ಬರ್ ಬೂಟುಗಳನ್ನು ಹೊದಿಸಲಾಗುತ್ತದೆ. 1930ರ ದಶಕದಲ್ಲಿ ಬಳಕೆಗೆ ಬಂದ ಈ ಹೊದಿಕೆಗಳು ಗಾಳಿ ತುಂಬಿದಾಗ ಉಬ್ಬಿ, ಮೇಲೆ ಕಟ್ಟಿದ ಗಡ್ಡೆಯನ್ನು ಒಡೆದು ಉದುರಿಸುತ್ತವೆ.

1953ರಲ್ಲಿ ಸೇವೆಗಿಳಿದ ಮೊದಲ ಟರ್ಬೊಪ್ರಾಪ್ ಪ್ರಯಾಣಿಕ ವಿಮಾನ ವಿಕರ್ಸ್ ವೈಕೌಂಟ್ ಬಿಸಿಗಾಳಿಯನ್ನೇ ನೆಚ್ಚಿಕೊಂಡಿತ್ತು. 1977ರ ಜನವರಿಯಲ್ಲಿ ಸ್ಟಾಕ್‌ಹೋಮ್‌ನ ಬ್ರೊಮ್ಮಾ ನಿಲ್ದಾಣದತ್ತ ಇಳಿಯುತ್ತಿದ್ದ ಒಂದು ವೈಕೌಂಟಿನ ಬಾಲದ ಅಡ್ಡರೆಕ್ಕೆಯ ಮೇಲೆ ಗಡ್ಡೆ ಕಟ್ಟಿ, ವಿಮಾನ ಮೂತಿ ಕೆಳಗಾಗಿ ಬಿದ್ದು 22 ಮಂದಿ ಸತ್ತರು. ಎಂಜಿನ್ನುಗಳ ಶಕ್ತಿಯನ್ನು ತಗ್ಗಿಸಿದಾಗ ಬಾಲಕ್ಕೆ ಸಾಕಷ್ಟು ಶಾಖ ತಲುಪದಿದ್ದುದು ಇದಕ್ಕೆ ಕಾರಣವಾಗಿತ್ತು.

ಈ ಇತಿಹಾಸದ ನಿರ್ಣಾಯಕ ಘಟನೆ 1994ರ ಅಕ್ಟೋಬರ್ 31ರಂದು ಅಮೆರಿಕದ ಇಂಡಿಯಾನಾ ರಾಜ್ಯದ ರೋಸ್‌ಲಾನ್ ಬಳಿ ನಡೆಯಿತು. ಷಿಕಾಗೋದಲ್ಲಿ ಇಳಿಯಲು ಅನುಮತಿಗಾಗಿ ಕಾಯುತ್ತ ಎಟಿಆರ್ 72 ವಿಮಾನವೊಂದು ಅರ್ಧ ಗಂಟೆಗೂ ಹೆಚ್ಚು ಹೊತ್ತು ಸುತ್ತು ಹಾಕುತ್ತಿತ್ತು. ಅಲ್ಲಿದ್ದ ಅತಿಶೀತಲ ಹನಿಗಳು ಎಂದಿನವುಗಳಿಗಿಂತ ಬಹಳ ದೊಡ್ಡವಾಗಿದ್ದು, ಬೂಟನ್ನು ದಾಟಿ ಹಿಂದಕ್ಕೆ ಹರಿದು, ಅದು ಮುಟ್ಟಲಾರದ ಜಾಗದಲ್ಲಿ ಏಣಿನಂತೆ ಗಟ್ಟಿಯಾದವು. ವಿಮಾನ ಕೆಳಗಿಳಿಯುವಾಗ ಚಾಲಕರು ರೆಕ್ಕೆಯ ಹಿಂದಂಚಿನಿಂದ ಚಾಚುವ ಫ್ಲಾಪ್ ಫಲಕಗಳನ್ನು ಒಳಸೇರಿಸಿದೊಡನೆ ಗಾಳಿಗೆ ರೆಕ್ಕೆ ಒಡ್ಡಿದ ಕೋನ ಹೆಚ್ಚಿ, ಏಣಿನ ಹಿಂದೆ ಗಾಳಿಯ ಹರಿವು ಕಳಚಿಕೊಂಡಿತು. ವಿಮಾನವನ್ನು ಪಕ್ಕಕ್ಕೆ ವಾಲಿಸುವ ಏಲೆರಾನ್ ಫಲಕ ತಾನಾಗಿಯೇ ಸರಿದು, ಆಟೋಪೈಲಟ್ ಬಿಟ್ಟುಕೊಟ್ಟು, ವಿಮಾನ ಮಗುಚಿತು. ಒಳಗಿದ್ದ 68 ಮಂದಿಯೂ ಸತ್ತರು.

ಅಮೆರಿಕದ ವಿಮಾನ ಪ್ರಮಾಣೀಕರಣ ನಿಯಮಗಳ 'ಸಿ' ಅನುಬಂಧವು ಗರಿಷ್ಠ 40ರಿಂದ 50 ಮೈಕ್ರಾನ್ ಮಧ್ಯಮ ವ್ಯಾಸದ ಹನಿಗಳ ಮೋಡಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಆದ್ದರಿಂದ ನಿಯಮಕ್ಕೆ ತಕ್ಕಂತೆಯೇ ಕಟ್ಟಿದ ವಿಮಾನವೂ ದೊಡ್ಡ ಹನಿಗಳ ಮುಂದೆ ಪರೀಕ್ಷೆಗೊಳಗಾಗದೆ ಉಳಿದಿತ್ತು. ಅಪಘಾತದ ಬಳಿಕ ಎಟಿಆರ್ ವಿಮಾನಗಳ ಬೂಟುಗಳನ್ನು ಹಿಂದಕ್ಕೆ ವಿಸ್ತರಿಸಲಾಯಿತು. ಚಾಲಕರ ಪಕ್ಕದ ಕಿಟಕಿಯ ಗಾಜಿನ ಮೇಲೆ ಮಂಜು ಹರಡುವುದನ್ನು ಅಪಾಯದ ಗುರುತೆಂದು ತಿಳಿದು, ಕೂಡಲೇ ಆ ಜಾಗವನ್ನು ಬಿಟ್ಟು ಹೊರಡಬೇಕೆಂಬ ಸೂಚನೆಯೂ ಬಂತು. ದೊಡ್ಡ ಹನಿಗಳನ್ನು ಒಳಗೊಂಡ 'ಒ' ಅನುಬಂಧ ಜಾರಿಗೆ ಬಂದದ್ದು ಮಾತ್ರ 2015ರಲ್ಲಿ.

1997ರ ಜನವರಿಯಲ್ಲಿ ಮಿಷಿಗನ್‌ನ ಮನ್ರೋ ಬಳಿ ಎಂಬ್ರಾಯರ್ 120 ವಿಮಾನ ಬಿದ್ದು 29 ಮಂದಿ ಸತ್ತಾಗ, ತೆಳುವಾದ ಒರಟು ಮಂಜೂ ಮಾರಕವಾಗಬಲ್ಲದೆಂದು ಸ್ಪಷ್ಟವಾಯಿತು. ಗಡ್ಡೆ ದಪ್ಪಗಾಗುವವರೆಗೆ ಕಾದು ಬೂಟು ಉಬ್ಬಿಸಬೇಕೆಂಬ ಹಳೆಯ ನಂಬಿಕೆಯೂ ಪ್ರಶ್ನೆಗೊಳಗಾಗಿ, ಐಸಿಂಗ್‌ನಲ್ಲಿ ಕಾಯ್ದುಕೊಳ್ಳಬೇಕಾದ ಕನಿಷ್ಠ ವೇಗವನ್ನು ನಿಗದಿಪಡಿಸುವತ್ತ ಗಮನ ಹರಿಯಿತು. ನಂತರ ಎಟಿಆರ್‌ಗಳಲ್ಲಿ, ಇರಬೇಕಾದ ವೇಗಕ್ಕೂ ಇರುವ ವೇಗಕ್ಕೂ ಅಂತರ ಕಂಡಾಗ ಎಚ್ಚರಿಸುವ ವ್ಯವಸ್ಥೆಯನ್ನು ಅಳವಡಿಸಲಾಯಿತು.

2024ರ ಆಗಸ್ಟ್ 9ರಂದು ಬ್ರೆಜಿಲ್‌ನ ವಿನ್ಯೆದೊ ಪಟ್ಟಣದಲ್ಲಿ ಎಟಿಆರ್ 72 ವಿಮಾನ ಗಿರಕಿ ಹೊಡೆಯುತ್ತ ಬಿದ್ದು 62 ಮಂದಿ ಸತ್ತರು. ಆ ಮಾರ್ಗದಲ್ಲಿ ತೀವ್ರ ಐಸಿಂಗ್‌ನ ಮುನ್ಸೂಚನೆ ಇದ್ದುದನ್ನೂ ವೇಗ ತಗ್ಗಿದೆಯೆಂಬ ಎಚ್ಚರಿಕೆಗಳು ವಿಮಾನದೊಳಗೆ ಮೂಡಿದ್ದನ್ನೂ ಪ್ರಾಥಮಿಕ ತನಿಖಾ ವರದಿ ದಾಖಲಿಸಿದೆ.