ಭಾನುವಾರದ ಸವಾರಿ ಮತ್ತು ವ್ಯಕ್ತಿಯ ಹೊಣೆ: ಒಂದು ವಾದದ ಮರುಪರಿಶೀಲನೆ

ಭೂಮಿಯ ತಾಪ ಏರುತ್ತಿರುವುದಕ್ಕೆ ಮನುಷ್ಯನ ಚಟುವಟಿಕೆಯೇ ಕಾರಣವೆಂಬುದು ಈಗ ವಿವಾದದ ವಿಷಯವಲ್ಲ. ಸರ್ಕಾರಗಳ ನೀತಿ ಬದಲಾಗದೆ ಅದು ತಗ್ಗದೆಂಬುದನ್ನೂ ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ್ದಾರೆ. ತಕರಾರು ಉಳಿದಿರುವುದು ವ್ಯಕ್ತಿಯ ಜೀವನಶೈಲಿಯ ಬಗ್ಗೆ. ಕಾರನ್ನು ಕಡಿಮೆ ಬಳಸಬೇಕೆನ್ನುವ ಮನಸ್ಸೇ, ಅದರಿಂದ ಆಗುವುದಾದರೂ ಏನು ಎಂದೂ ಕೇಳುತ್ತದೆ. ಅಮೆರಿಕದ ತತ್ತ್ವಶಾಸ್ತ್ರಜ್ಞ ವಾಲ್ಟರ್ ಸಿನಟ್-ಆರ್ಮ್‌ಸ್ಟ್ರಾಂಗ್ 2005ರಲ್ಲಿ ಎರಡನೆಯ ದನಿಯ ಪರವಾಗಿ ವಾದಿಸಿ, ಭಾನುವಾರ ಮೋಜಿಗೆಂದು ಕಾರಿನಲ್ಲಿ ಸುತ್ತಿಬರುವುದು ತಪ್ಪೆಂದು ಸಾಧಿಸಬಲ್ಲ ನೈತಿಕ ತತ್ತ್ವವೊಂದೂ ಸಿಗದೆಂದೂ, ಸರ್ಕಾರ ಕ್ರಮ ಕೈಗೊಳ್ಳುವಂತೆ ಒತ್ತಾಯಿಸುವುದೇ ವ್ಯಕ್ತಿಯ ಕರ್ತವ್ಯವೆಂದೂ ಹೇಳಿದರು. ತತ್ತ್ವಶಾಸ್ತ್ರಜ್ಞ ಜಾನ್ ನೋಲ್ಟ್ 2011ರಲ್ಲಿ ಇದಕ್ಕೆ ವಿರುದ್ಧವಾದ ನಿರ್ಣಯಕ್ಕೆ ಬಂದರಾದರೂ, ಅವರು ಎಣಿಸಿದ್ದು ಸರಾಸರಿ ಅಮೆರಿಕನ್ನನ ಜೀವಮಾನದ ಹೊರಸೂಸುವಿಕೆಯನ್ನು. ಒಂದು ಸವಾರಿಯ ಪ್ರಶ್ನೆ ಹಾಗೆಯೇ ಉಳಿಯಿತು.

ಸಿನಟ್-ಆರ್ಮ್‌ಸ್ಟ್ರಾಂಗ್ ಅವರ ವಾದಕ್ಕೆ ಆಧಾರವಾಗಿರುವುದು ಒಂದು ಹೋಲಿಕೆ: ಹೇಗೂ ಉಕ್ಕಿ ಹರಿಯಲಿರುವ ನದಿಗೆ ಲೀಟರಿನಷ್ಟು ನೀರು ಸುರಿದವನು ಪ್ರವಾಹಕ್ಕೆ ಕಾರಣನಲ್ಲ. ಆದರೆ ನದಿಗೆ ದಡವಿದೆ, ನೀರು ಅದನ್ನು ಮೀರುವವರೆಗೆ ಹಾನಿಯಿಲ್ಲ. ತಾಪಮಾನಕ್ಕೆ ಅಂಥ ದಡವಿದ್ದಂತಿಲ್ಲ. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ (ಐಪಿಸಿಸಿ) 2021ರ ವರದಿಯಂತೆ, ಈವರೆಗೆ ಹೊರಬಿದ್ದ ಇಂಗಾಲದ ಡೈಆಕ್ಸೈಡ್‌ನ ಒಟ್ಟು ಮೊತ್ತಕ್ಕೂ ತಾಪದ ಏರಿಕೆಗೂ ಹೆಚ್ಚುಕಡಿಮೆ ಸಮಾನುಪಾತದ ಸಂಬಂಧವಿದ್ದು, ಪ್ರತಿ ಲಕ್ಷ ಕೋಟಿ ಟನ್ನಿಗೆ ಏರಿಕೆ ಸುಮಾರು 0.45 ಡಿಗ್ರಿ ಸೆಲ್ಸಿಯಸ್. ಒಂದು ಲೀಟರ್ ಪೆಟ್ರೋಲು ಉರಿದಾಗ ಹೊರಬೀಳುವ ಸುಮಾರು 2.3 ಕಿಲೋ ಅನಿಲದ ಪಾಲು ಯಾವ ಉಪಕರಣಕ್ಕೂ ಸಿಗದಷ್ಟು ಚಿಕ್ಕದು, ಆದರೆ ಸೊನ್ನೆಯಲ್ಲ.

ಹೀಗಿರುವಲ್ಲಿ, ಮೇಲೆ ಹೇಳಿದ ಇಬ್ಬಗೆಯ ಭಾವವನ್ನು ಗೊಂದಲವೆಂದಾಗಲಿ ಆಷಾಢಭೂತಿತನವೆಂದಾಗಲಿ ತಳ್ಳಿಹಾಕುವಂತಿಲ್ಲ. ಪಾಲು ಅತ್ಯಲ್ಪವೆಂಬುದನ್ನೂ ಅದು ಇದ್ದೇ ಇದೆಯೆಂಬುದನ್ನೂ ಒಟ್ಟಿಗೆ ಗ್ರಹಿಸಿದ ಮನಸ್ಸು ಹಾಗೆ ತೂಗುವುದೇ ಸರಿಯಾದ ಅರಿವೆನ್ನಬಹುದು. ಈ ಮಾತಿಗೆ ಮಿತಿಗಳುಂಟು. ಸಮಾನುಪಾತ ಕಂಡುಬಂದಿರುವುದು ದೊಡ್ಡ ಮೊತ್ತಗಳಲ್ಲಿ. ಅದನ್ನು ಒಂದು ಲೀಟರಿಗೆ ಅನ್ವಯಿಸುವುದು ಊಹೆ. ತಾಪ ಸಮನಾಗಿ ಏರಿದರೂ ಬೆಳೆಹಾನಿ, ನೆರೆಗಳು ಅದೇ ಪ್ರಮಾಣದಲ್ಲಿ ಏರಬೇಕಿಲ್ಲ. ಇಬ್ಬಗೆಯೆಂಬುದು ಕೆಲವೊಮ್ಮೆ ಬರಿಯ ನೆಪವೂ ಆಗಿರಬಹುದು. ಮೇಲಾಗಿ, ಸೊನ್ನೆಯಲ್ಲ ಎಂದ ಮಾತ್ರಕ್ಕೆ ತಪ್ಪೆಂದಾಗುವುದಿಲ್ಲ: ಭಾರತದ ಪರಿಸರವಾದಿಗಳಾದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲೇ ಬದುಕುಳಿಯಲು ಬೇಕಾದ ಹೊರಸೂಸುವಿಕೆಯನ್ನು ಭೋಗದ ಹೊರಸೂಸುವಿಕೆಯಿಂದ ಬೇರ್ಪಡಿಸಿದ್ದರು. ಆ ಭೇದವನ್ನು ಒಪ್ಪಿದರೆ, ಗದ್ದೆಗೆ ನೀರೆತ್ತಲು ಸುಟ್ಟ ಇಂಧನವೂ ಮೋಜಿನ ಸವಾರಿಗೆ ಸುಟ್ಟದ್ದೂ ತಾಪದ ಲೆಕ್ಕದಲ್ಲಿ ಒಂದೇ ಆದರೂ ನೈತಿಕ ಲೆಕ್ಕದಲ್ಲಿ ಒಂದಲ್ಲ.

ಒಬ್ಬರು ಕೊಳ್ಳದೆ ಬಿಟ್ಟ ಪೆಟ್ರೋಲು ಸುಡದೆ ಉಳಿಯುತ್ತದೆಯೋ, ಅಥವಾ ಬೇಡಿಕೆ ಕುಗ್ಗಿ ಬೆಲೆ ಇಳಿದಾಗ ಮತ್ತೊಬ್ಬರ ಟ್ಯಾಂಕು ಸೇರುತ್ತದೆಯೋ ಎಂಬುದು ಇಲ್ಲಿ ಇತ್ಯರ್ಥವಾಗಿಲ್ಲ. ಎರಡನೆಯದು ಎಷ್ಟರಮಟ್ಟಿಗೆ ನಿಜವೋ ಅಷ್ಟರಮಟ್ಟಿಗೆ ಸಿನಟ್-ಆರ್ಮ್‌ಸ್ಟ್ರಾಂಗ್ ಅವರ ನಿಲುವು ಬೇರೊಂದು ದಾರಿಯಿಂದ ಬಲಗೊಳ್ಳುತ್ತದೆ. ಅದನ್ನು ಅಳೆಯುವ ಕೆಲಸ ತತ್ತ್ವಶಾಸ್ತ್ರಕ್ಕಿಂತ ಅರ್ಥಶಾಸ್ತ್ರಕ್ಕೆ ಸೇರಿದ್ದು.