ಕೃಷ್ಣೆಯ ದಡದಲ್ಲೊಂದು ಬಾಲಚರ ಶಿಬಿರ: ಇತಿಹಾಸದ ಪಾಠ, ಯೋಜನೆಯ ರೀತಿ

ಶತಮಾನೋತ್ಸವದ ಸಂದರ್ಭದಲ್ಲಿ ಹಿಂದಿನವರ ತ್ಯಾಗವನ್ನು ಸ್ಮರಿಸುವುದು ನಮ್ಮ ಮೊದಲ ಕರ್ತವ್ಯ. ಮುಂದೆ ಈ ದೇವಾಲಯದ ಬಾಗಿಲು ತೆರೆಯುವವರು ಯಾರು ಎಂದು ಯೋಚಿಸುವುದು ಎರಡನೆಯ ಕರ್ತವ್ಯ. ಪ್ರಥಮ ಪರಮಪ್ರಸಾದದ ದಿನ ಬಿಳಿಯುಡುಪು ಧರಿಸಿ ಪೀಠದ ಮುಂದೆ ನಿಂತ ಬಾಲಕರು ಹದಿನಾಲ್ಕು, ಹದಿನೈದು ವಯಸ್ಸಿಗೆ ಬರುವ ಹೊತ್ತಿಗೆ ಹಿಂದಿನ ಸಾಲಿಗೆ ಸರಿದು, ಆಮೇಲೆ ಹೊಸ್ತಿಲಿನಿಂದಲೇ ಹಿಂದಿರುಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅವರನ್ನು ಉಪದೇಶದಿಂದ ಮಾತ್ರ ಉಳಿಸಿಕೊಳ್ಳಲಾಗದು. ಅವರ ಕೈಗೆ ಕೆಲಸ ಬೇಕು, ಕಾಲಿಗೆ ದಾರಿ ಬೇಕು, ಜೊತೆಗೆ ಗೆಳೆಯರು ಬೇಕು. ಈ ಮೂರನ್ನೂ ದೇವರ ನಾಮದಲ್ಲಿ ಒಂದುಗೂಡಿಸಿದ ಬಾಲಚರ ಶಿಬಿರದ ಇತಿಹಾಸವನ್ನೂ, ನಮ್ಮ ಜಿಲ್ಲೆಯ ದೇವಸುಗೂರಿನ ಪರಿಸರದಲ್ಲಿ ಅಂಥ ಒಂದು ವಾರಾಂತ್ಯದ ಶಿಬಿರವನ್ನು ಹೇಗೆ ಯೋಜಿಸಬಹುದೆಂಬುದನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಗುಡಾರದ ವಾಸ ನಮ್ಮ ವಿಶ್ವಾಸಕ್ಕೆ ಹೊಸದಲ್ಲ. ವರ್ಷಕ್ಕೊಮ್ಮೆ ಏಳು ದಿನ ಎಲೆಯ ಗುಡಿಸಲುಗಳಲ್ಲಿ ವಾಸಿಸಿ, ಈಜಿಪ್ಟಿನಿಂದ ಹೊರಟ ಪೂರ್ವಿಕರ ಪ್ರಯಾಣವನ್ನು ಸ್ಮರಿಸಬೇಕೆಂದು ಯಾಜಕಕಾಂಡವು ಇಸ್ರಯೇಲರಿಗೆ ವಿಧಿಸಿತು. ಅದೇ ಪರ್ಣಕುಟೀರಗಳ ಹಬ್ಬ. ಯೇಸುಸ್ವಾಮಿ ಬೆಟ್ಟದ ಮೇಲೆ ರೂಪಾಂತರ ಹೊಂದಿದಾಗ ಸಂತ ಪೇತ್ರರ ಬಾಯಿಂದ ಬಂದ ಮಾತು ಮೂರು ಗುಡಾರಗಳದು. ಮನೆಯ ಭದ್ರತೆಯನ್ನು ಎರಡು ರಾತ್ರಿ ಬಿಟ್ಟವನಿಗೆ ಅನ್ನ, ನೀರು, ನೆರಳು ಇವು ದಾನವೆಂಬುದು ತಾನಾಗಿಯೇ ತಿಳಿಯುತ್ತದೆ.

ಬಾಲಚರ ಚಳವಳಿಯ ಬೇರಿನ ಒಂದು ಎಳೆ ಭಾರತದ ಮಣ್ಣಿನಲ್ಲಿಯೇ ಇದೆ. ಇದರ ಸ್ಥಾಪಕ ರಾಬರ್ಟ್ ಬೇಡನ್ ಪೊವೆಲ್ ಅವರು 1876ರಲ್ಲಿ ಯುವ ಸೇನಾಧಿಕಾರಿಯಾಗಿ ನಮ್ಮ ದೇಶಕ್ಕೆ ಬಂದರು. 1897ರ ತರುವಾಯ ಮೀರತ್‌ನಲ್ಲಿದ್ದಾಗ ಸಿಪಾಯಿಗಳನ್ನು ಸಣ್ಣ ಸಣ್ಣ ತಂಡಗಳಾಗಿ ಮಾಡಿ, ಹೆಜ್ಜೆಗುರುತು ಓದುವುದನ್ನೂ ಕಾಡಿನಲ್ಲಿ ದಾರಿ ಕಾಣುವುದನ್ನೂ ಕಲಿಸಿದರು. 1907ರ ಆಗಸ್ಟ್ ತಿಂಗಳ ಮೊದಲ ವಾರ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಮಂದಿ ಬಾಲಕರೊಡನೆ ಅವರು ನಡೆಸಿದ ಶಿಬಿರವೇ ಈ ಚಳವಳಿಯ ಮೊದಲ ಶಿಬಿರ. ಸಿರಿವಂತರ ಮಕ್ಕಳೂ ಕೂಲಿಕಾರರ ಮಕ್ಕಳೂ ಅಲ್ಲಿ ಒಂದೇ ಗುಡಾರದಲ್ಲಿ ಮಲಗಿದರು. ನಾಲ್ಕು ತಂಡಗಳು, ಪ್ರತಿ ತಂಡಕ್ಕೆ ಅವರಲ್ಲಿಯೇ ಒಬ್ಬ ನಾಯಕ, ದಿನಚರಿಯಲ್ಲಿ ಪ್ರಾರ್ಥನೆಗೆ ಗೊತ್ತಾದ ಹೊತ್ತು: ಇಂದಿಗೂ ಶಿಬಿರದ ಚೌಕಟ್ಟು ಇದೇ. ಮರುವರ್ಷ, 1908ರಲ್ಲಿ, ಅವರ ಗ್ರಂಥ ಪ್ರಕಟವಾಯಿತು. ಬಾಲಚರನ ಪ್ರತಿಜ್ಞೆಯಲ್ಲಿ ದೇವರಿಗೆ ಸಲ್ಲಬೇಕಾದ ಕರ್ತವ್ಯವು ಮೊದಲ ಸ್ಥಾನ ಪಡೆಯಿತು.

ಆದರೂ ಕಥೋಲಿಕ ವಲಯಗಳಲ್ಲಿ ಆರಂಭದಲ್ಲಿ ಶಂಕೆಯಿಲ್ಲದಿರಲಿಲ್ಲ. ಪ್ರೊಟೆಸ್ಟೆಂಟ್ ದೇಶದಲ್ಲಿ ಹುಟ್ಟಿ, ಯಾವ ಸಭೆಗೂ ಸೇರದೆ, ಪ್ರಕೃತಿಯನ್ನೇ ಗುರುವೆಂದು ಕೊಂಡಾಡುವ ಈ ಪದ್ಧತಿ ಮಕ್ಕಳ ವಿಶ್ವಾಸವನ್ನು ಸಡಿಲಿಸೀತೆಂದು ಫ್ರಾನ್ಸಿನ ಅನೇಕರು ಅಂಜಿದರು. ಯೇಸುಸಭೆಯ ಪೂಜ್ಯ ಜಾಕ್ ಸೆವೆನ್ ಸ್ವಾಮಿಗಳು ಅಂಜುವ ಬದಲು ಹೋಗಿ ನೋಡಲು ನಿರ್ಧರಿಸಿದರು. 1913ರಲ್ಲಿ ಇಂಗ್ಲೆಂಡಿಗೆ ತೆರಳಿ ಬಾಲಚರರ ಜೀವನವನ್ನು ಕಣ್ಣಾರೆ ಕಂಡು, ಬೇಡನ್ ಪೊವೆಲ್ ಅವರನ್ನು ಭೇಟಿಯಾದರು. ಈ ಪದ್ಧತಿಯಲ್ಲಿ ಶುಭಸಂದೇಶಕ್ಕೆ ವಿರುದ್ಧವಾದುದು ಇಲ್ಲ, ಅದು ತುಂಬಲು ಸಿದ್ಧವಾಗಿರುವ ಪಾತ್ರೆಯಂತಿದೆ ಎಂಬುದು ಅವರ ಕಾರ್ಯದ ತಿರುಳು. ಮೊದಲ ಮಹಾಯುದ್ಧದ ಕಡೆಯ ವರ್ಷ, 1918ರಲ್ಲಿ, ಶತ್ರುಸೇನೆಯ ವಶದಲ್ಲಿದ್ದ ಬೆಲ್ಜಿಯಂನ ಮುಸ್ಕ್ರಾನ್ ಪಟ್ಟಣದಲ್ಲಿ ಅವರು ಗುಟ್ಟಾಗಿ ಒಂದು ದಳವನ್ನು ಕಟ್ಟಿದರು. 1920ರಲ್ಲಿ ಫ್ರಾನ್ಸಿನ ಕಥೋಲಿಕ ಬಾಲಚರ ಸಂಸ್ಥೆ ರೂಪುಗೊಂಡಿತು. 1951ರಲ್ಲಿ ದೈವಾಧೀನರಾದ ಈ ಗುರುವರ್ಯರಿಗೆ 2012ರಲ್ಲಿ ಧರ್ಮಸಭೆಯು 'ಪೂಜನೀಯ' ಎಂಬ ಪದವಿಯನ್ನಿತ್ತಿತು. 1962ರಲ್ಲಿ ಅಂತರರಾಷ್ಟ್ರೀಯ ಕಥೋಲಿಕ ಬಾಲಚರ ಸಮ್ಮೇಳನಕ್ಕೆ ಪವಿತ್ರ ಪೀಠದ ಮನ್ನಣೆಯೂ ದೊರೆಯಿತು.

ಭಾರತದ ಕಥೆ ಬೇರೆ. 1909ರಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಅವರು ದೇಶದ ಮೊದಲ ಬಾಲಚರ ದಳವನ್ನು ನಮ್ಮ ಬೆಂಗಳೂರಿನಲ್ಲಿಯೇ ಆರಂಭಿಸಿದರು. ಆದರೆ ಆ ಕಾಲದ ದಳಗಳು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಬಾಲಕರಿಗೆ ಮಾತ್ರ ಮೀಸಲಾಗಿದ್ದವು. ಈ ನೆಲದ ಮಕ್ಕಳಿಗೆ ಪ್ರವೇಶವಿರಲಿಲ್ಲ. ಈ ಅನ್ಯಾಯಕ್ಕೆ ಉತ್ತರವಾಗಿ ಮದರಾಸಿನಲ್ಲಿ ಶ್ರೀಮತಿ ಆನಿ ಬೆಸೆಂಟರೂ, ಉತ್ತರದಲ್ಲಿ ಪಂಡಿತ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಇವರೂ ಭಾರತೀಯ ಬಾಲಕರಿಗಾಗಿ ಸಂಘಗಳನ್ನು ಕಟ್ಟಿದರು. ಸ್ವಾತಂತ್ರ್ಯಾನಂತರ ಈ ಕವಲುಗಳು ಕೂಡಿ, 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆ ಉದಯಿಸಿತು. 1951ರಲ್ಲಿ ಬಾಲಕಿಯರ ಗೈಡ್ ಸಂಘವೂ ಸೇರಿತು. ಮಧ್ಯಪ್ರದೇಶದ ಪಚಮಢಿಯಲ್ಲಿ ರಾಷ್ಟ್ರೀಯ ತರಬೇತಿ ಕೇಂದ್ರವಿದೆ. ನಮ್ಮ ರಾಜ್ಯದಲ್ಲಿ ಹರಿಹರದ ಬಳಿಯ ಕೊಂಡಜ್ಜಿ ಶಿಬಿರ ತಾಣವು ಬಾಲಚರರೆಲ್ಲರಿಗೂ ಚಿರಪರಿಚಿತ.

ಈ ಇತಿಹಾಸದಿಂದ ಒಂದು ಮಾತು ಸ್ಪಷ್ಟ. ಫ್ರಾನ್ಸಿನಂತೆ ಇಲ್ಲಿ ಕಥೋಲಿಕರಿಗೇ ಪ್ರತ್ಯೇಕವಾದ ಬಾಲಚರ ಸಂಸ್ಥೆಯ ಮಾರ್ಗವನ್ನು ನಾವು ಹಿಡಿದಿಲ್ಲ. ನಮ್ಮ ಶಾಲೆಗಳ ದಳಗಳಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಮಕ್ಕಳು ಒಂದೇ ಸ್ಕಾರ್ಫ್ ಧರಿಸಿ ನಿಲ್ಲುತ್ತಾರೆ. ಪ್ರತಿಜ್ಞೆಯಲ್ಲಿ ದೇವರು ಎಂಬ ಶಬ್ದದ ಬದಲಿಗೆ ಧರ್ಮ ಎನ್ನಲು ಅವಕಾಶವಿದೆ. ಸರ್ವಧರ್ಮ ಪ್ರಾರ್ಥನೆ ಪ್ರತಿ ಶಿಬಿರದ ಅಂಗ. ಹೀಗಿರುವಾಗ ವಿಶ್ವಾಸದ ಶಿಬಿರ ಎಂದರೇನು? ನಮ್ಮ ಮಕ್ಕಳಿಗೆ ಧರ್ಮೋಪದೇಶ ಸಲ್ಲಬೇಕು. ನೆರೆಯವರ ಮಕ್ಕಳಿಗೆ ಮುಜುಗರವಾಗಬಾರದು. ಒಂದನ್ನು ಕಾಯಲು ಹೋಗಿ ಇನ್ನೊಂದನ್ನು ಕಳೆದುಕೊಂಡರೆ ಶಿಬಿರವೇ ವ್ಯರ್ಥ.

ಇಲ್ಲಿ ದೇಶದ ಸಂವಿಧಾನವೂ ಧರ್ಮಸಭೆಯ ಬೋಧನೆಯೂ ಒಂದೇ ದಾರಿಯನ್ನು ತೋರಿಸುತ್ತವೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಅಪ್ರಾಪ್ತ ವಯಸ್ಸಿನ ವಿದ್ಯಾರ್ಥಿಯನ್ನು ಪೋಷಕರ ಸಮ್ಮತಿಯಿಲ್ಲದೆ ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಕಡ್ಡಾಯವಾಗಿ ಕೂರಿಸಕೂಡದೆಂದು ಸಂವಿಧಾನದ 28ನೆಯ ಅನುಚ್ಛೇದದ 3ನೆಯ ಉಪಬಂಧ ಹೇಳುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ, ವಿಶ್ವಾಸದ ವಿಷಯದಲ್ಲಿ ಯಾರ ಮೇಲೂ ಬಲವಂತ ಸಲ್ಲದೆಂದು ಸಾರಿತು. ಆದುದರಿಂದ ಕಥೋಲಿಕ ಶಿಬಿರ ತನ್ನ ಬಲಿಪೂಜೆಯನ್ನು ಮರೆಮಾಡಬೇಕಾಗಿಲ್ಲ. ಅದಕ್ಕೆ ಯಾರನ್ನೂ ಎಳೆಯಬೇಕಾಗಿಯೂ ಇಲ್ಲ. ಕಾರ್ಯಕ್ರಮದ ಪಟ್ಟಿಯನ್ನು ಮುಂಚೆಯೇ ಎಲ್ಲ ತಂದೆತಾಯಿಗಳಿಗೆ ಕನ್ನಡದಲ್ಲಿ ಬರೆದುಕೊಟ್ಟು, ಪ್ರತಿಯೊಬ್ಬರಿಂದ ಸಹಿ ಪಡೆದರೆ ಅರ್ಧ ಸಮಸ್ಯೆ ಅಲ್ಲಿಯೇ ಬಗೆಹರಿಯುತ್ತದೆ.

ಇನ್ನು ಸ್ಥಳದ ವಿಚಾರ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಈ ಎಡೆದೊರೆ ನಾಡಿನ ಉತ್ತರದ ಅಂಚಿನಲ್ಲಿ ದೇವಸುಗೂರು ಇದೆ. ಸೂಗೂರೇಶ್ವರನ ದೇವಸ್ಥಾನದಿಂದ ಪ್ರಸಿದ್ಧವಾದ ಊರು. ಪಕ್ಕದಲ್ಲಿಯೇ ಶಕ್ತಿನಗರ. 1985ರಲ್ಲಿ ಅಲ್ಲಿ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಕಾರ್ಯಾರಂಭ ಮಾಡಿದ ಮೇಲೆ ನಾಡಿನ ನಾನಾ ಭಾಗದ ಕುಟುಂಬಗಳು ಬಂದು ನೆಲೆಸಿದವು. ನಿಜಾಮರ ಕಾಲದ ಸೇತುವೆಯ ಆಚೆ ಈಗ ತೆಲಂಗಾಣ. ನಮ್ಮ ಜಿಲ್ಲೆಯ ಮುದಗಲ್ಲಿನಲ್ಲಿ ಹದಿನಾರನೆಯ ಶತಮಾನದಷ್ಟು ಹಳೆಯ ಕ್ರೈಸ್ತ ಸಮುದಾಯವು ಸುಲ್ತಾನರ ಆಳ್ವಿಕೆಯಲ್ಲಿ ನೆರೆಹೊರೆಯವರೊಡನೆ ಬಾಳಿದುದನ್ನು ನೆನೆದರೆ, ಹಲವು ಧರ್ಮಗಳ ನಡುವೆ ತನ್ನ ವಿಶ್ವಾಸವನ್ನು ಉಳಿಸಿಕೊಳ್ಳುವ ವಿದ್ಯೆ ಈ ಮಣ್ಣಿಗೆ ಹೊಸದಲ್ಲವೆಂಬುದು ಮನವರಿಕೆಯಾಗುತ್ತದೆ.

ಕಾಲವನ್ನು ಆರಿಸುವಾಗ ನಮ್ಮ ಬಿಸಿಲನ್ನು ಮರೆಯುವಂತಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ನಾಡಿನಲ್ಲಿ ಸಂತ ಜಾರ್ಜರ ಹಬ್ಬವಾದ ಏಪ್ರಿಲ್ 23ರಂದು ಶಿಬಿರ ಹೂಡುವುದು ಯುರೋಪಿಗೆ ಒಪ್ಪೀತು, ನಮಗೆ ಒಪ್ಪದು. ಬಾಲಚರರ ಪಾಲಕ ಸಂತರಿಗೆ ಆ ದಿನ ದೇವಾಲಯದಲ್ಲಿ ಗೌರವ ಸಲ್ಲಿಸೋಣ. ಗುಡಾರಕ್ಕೆ ನವೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳೇ ಯೋಗ್ಯ. ಊರಿನ ಜಾತ್ರೆಯ ದಿನಗಳನ್ನೂ ಶಾಲಾ ಪರೀಕ್ಷೆಗಳನ್ನೂ ಕೇಳಿ ತಿಳಿದು ತಪ್ಪಿಸಬೇಕು.

ನದಿಯ ವಿಚಾರದಲ್ಲಿ ಕಟ್ಟುನಿಟ್ಟು ಅಗತ್ಯ. ಮೇಲ್ಗಡೆ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಕೃಷ್ಣೆ ಏರುತ್ತಾಳೆ. 2009ರ ಅಕ್ಟೋಬರಿನ ಮಹಾಪೂರವನ್ನು ನಮ್ಮ ಜಿಲ್ಲೆ ಮರೆತಿಲ್ಲ. ಮೊಸಳೆಗಳ ಭಯವೂ ಉಂಟು. ಆದುದರಿಂದ ಗುಡಾರಗಳು ದಡದಿಂದ ದೂರದ ಎತ್ತರದ ಬಯಲಿನಲ್ಲಿ, ಸಾಧ್ಯವಾದರೆ ಕಾಂಪೌಂಡು ಇರುವ ಶಾಲೆಯ ಮೈದಾನದಲ್ಲಿ ಇರಲಿ. ನದಿಯಲ್ಲಿ ಸ್ನಾನ, ಈಜು ಸರ್ವಥಾ ಬೇಡ. ಕುದಿಸಿ ಆರಿಸಿದ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ರಾತ್ರಿಯ ಹೊತ್ತು ರಾಯಚೂರಿನ ಆಸ್ಪತ್ರೆಗೆ ಓಡಬಲ್ಲ ಒಂದು ವಾಹನ ಸಿದ್ಧವಿರಲಿ. ಗ್ರಾಮ ಪಂಚಾಯಿತಿಗೆ, ಪೊಲೀಸ್ ಠಾಣೆಗೆ, ಜಿಲ್ಲಾ ಸ್ಕೌಟ್ ಸಂಸ್ಥೆಗೆ ಮುಂಚಿತವಾಗಿ ತಿಳಿಸಬೇಕು. ಹಿರಿಯನೊಬ್ಬ ಬಾಲಕನೊಬ್ಬನೊಡನೆ ಏಕಾಂತದಲ್ಲಿ ಇರಕೂಡದು. ಎಲ್ಲೆಡೆ ಇಬ್ಬರು ಹಿರಿಯರು ಇರಲೇಬೇಕು. ಗುರುಗಳೇ ಆಗಲಿ, ಉಪಾಧ್ಯಾಯರೇ ಆಗಲಿ, ಈ ನಿಯಮಕ್ಕೆ ವಿನಾಯಿತಿ ಇಲ್ಲ. 2012ರ ಪೋಕ್ಸೋ ಕಾಯಿದೆಯ ಅರಿವು ಪ್ರತಿಯೊಬ್ಬ ಸ್ವಯಂಸೇವಕನಿಗೂ ಇರತಕ್ಕದ್ದು.

ಇಪ್ಪತ್ತನಾಲ್ಕು ಬಾಲಕರಿದ್ದರೆ ಆರಾರು ಮಂದಿಯ ನಾಲ್ಕು ತಂಡಗಳಾಗುತ್ತವೆ. ಪ್ರತಿ ತಂಡದಲ್ಲಿಯೂ ಎಲ್ಲ ಧರ್ಮದ ಮಕ್ಕಳು ಬೆರೆತಿರಲಿ. ಶುಕ್ರವಾರ ಸೂರ್ಯಾಸ್ತಕ್ಕೆ ಮುಂಚೆ ಗುಡಾರ ಎದ್ದು ನಿಲ್ಲಬೇಕು. ಮನೆಯಿಂದ ತಂದ ಕಟಿ ರೊಟ್ಟಿ, ಶೇಂಗಾ ಚಟ್ನಿ, ಪುಂಡಿ ಪಲ್ಯ ಅಂದಿನ ಊಟ. ಅದು ಕೆಡುವುದಿಲ್ಲ, ಎಲ್ಲರೂ ಉಣ್ಣಬಹುದು, ಶುಕ್ರವಾರದ ಮಾಂಸವರ್ಜನೆಗೂ ಒಗ್ಗುತ್ತದೆ. ಶನಿವಾರ ನಸುಕಿನಲ್ಲಿ ವ್ಯಾಯಾಮ, ಗುಡಾರಗಳ ತಪಾಸಣೆ, ಧ್ವಜಾರೋಹಣ. ಬಳಿಕ ಗಂಟುಗಳ ಅಭ್ಯಾಸ, ದಿಕ್ಸೂಚಿ ಹಿಡಿದು ನಡೆಯುವ ಚಾರಣ. ಮಧ್ಯಾಹ್ನ ಊರಿನ ಹಿರಿಯರನ್ನು ಕೇಳಿ, ಅವರಿಗೆ ಬೇಕಾದ ಒಂದು ಸೇವೆ: ಬಾವಿಕಟ್ಟೆಯ ಶುಚಿಯೋ, ಗಿಡ ನೆಡುವುದೋ. ಪೋಪ್ ಫ್ರಾನ್ಸಿಸ್ ಅವರು 2015ರ ತಮ್ಮ ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆಯೆಂದು ಕರೆದು ಅದರ ರಕ್ಷಣೆಯನ್ನು ಬೋಧಿಸಿದರು. ಸೇವೆಯ ಈ ಗಂಟೆ ಆ ಬೋಧನೆಯ ಆಚರಣೆ. ಸಂಜೆ ಕಥೋಲಿಕ ಬಾಲಕರು ಒಂದೆಡೆ ಶುಭಸಂದೇಶದ ಮನನಕ್ಕೂ, ಬೇಕಾದವರು ಪಾಪನಿವೇದನೆಗೂ ಕೂಡಿದಾಗ, ಉಳಿದವರು ತಮ್ಮ ಉಪಾಧ್ಯಾಯರೊಡನೆ ತಮ್ಮದೇ ಪ್ರಾರ್ಥನೆಗೋ ಆಟಕ್ಕೋ ಹೋಗಲಿ. ರಾತ್ರಿ ಶಿಬಿರಾಗ್ನಿಯ ಸುತ್ತ ಮತ್ತೆ ಎಲ್ಲರೂ ಒಂದಾಗಿ ಸರ್ವಧರ್ಮ ಪ್ರಾರ್ಥನೆ.

ಭಾನುವಾರದ ಬಲಿಪೂಜೆ ಎಲ್ಲಿ ನಡೆಯಬೇಕು? 1983ರ ಧರ್ಮಸಭೆಯ ಕಾನೂನು ಸಂಹಿತೆಯ 1248ನೆಯ ವಿಧಿಯಂತೆ ಭಾನುವಾರ ಅಥವಾ ಹಿಂದಿನ ಸಂಜೆ ಪೂಜೆಯಲ್ಲಿ ಭಾಗವಹಿಸಿದರೆ ಕಟ್ಟಳೆ ನೆರವೇರುತ್ತದೆ. 932ನೆಯ ವಿಧಿಯು ಪೂಜೆ ಪವಿತ್ರ ಸ್ಥಳದಲ್ಲಿಯೇ ನಡೆಯಬೇಕೆಂದೂ, ಅಗತ್ಯವಿದ್ದಲ್ಲಿ ಮಾತ್ರ ಯೋಗ್ಯವಾದ ಬೇರೆಡೆ ನಡೆಯಬಹುದೆಂದೂ ಹೇಳುತ್ತದೆ. ಅಪ್ಪಣೆ ದೊರೆತು ಬಯಲಿನಲ್ಲಿ ಪೂಜೆಯಾದರೆ ಅದೊಂದು ಭಾಗ್ಯವೇ. ಆದರೂ ನಮ್ಮ ಅಭಿಪ್ರಾಯದಲ್ಲಿ, ಭಾನುವಾರ ಮುಂಜಾನೆ ಗುಡಾರ ಕಿತ್ತು, ಬಯಲನ್ನು ಮೊದಲಿಗಿಂತಲೂ ಶುಚಿಯಾಗಿ ಬಿಟ್ಟು, ಬಾಲಕರು ಸಮವಸ್ತ್ರದಲ್ಲಿಯೇ ಧರ್ಮಕೇಂದ್ರದ ಪೂಜೆಗೆ ಬರುವುದು ಹೆಚ್ಚು ಉಚಿತ. ಶಿಬಿರ ದೇವಾಲಯಕ್ಕೆ ಪರ್ಯಾಯವಲ್ಲ, ಅಲ್ಲಿಗೆ ಹಿಂದಿರುಗುವ ದಾರಿ. ಅಜ್ಜಿಯರೂ ತಾಯಂದಿರೂ ಕಾಣುವಂತೆ ಅವರು ಮುಂದಿನ ಸಾಲಿನಲ್ಲಿ ನಿಲ್ಲಲಿ. ಅನ್ಯಧರ್ಮೀಯ ಗೆಳೆಯರನ್ನು ಅವರ ಮನೆಯವರಿಗೆ ಒಪ್ಪಿಸಿಯೇ ಸ್ಕೌಟ್ ಮಾಸ್ಟರು ದೇವಾಲಯದ ಒಳಗೆ ಬರಲಿ.

ಸೆವೆನ್ ಸ್ವಾಮಿಗಳು ಅಂಜಿ ದೂರ ನಿಂತಿದ್ದರೆ ಫ್ರಾನ್ಸಿನ ಕಥೋಲಿಕ ಮಕ್ಕಳಿಗೆ ಈ ದಾರಿ ತೆರೆಯಲು ಇನ್ನೆಷ್ಟು ಕಾಲ ಬೇಕಾಗುತ್ತಿತ್ತೋ. ಬೆಂಗಳೂರಿನ ಮೊದಲ ದಳದ ಮುಚ್ಚಿದ ಬಾಗಿಲನ್ನು ಒಪ್ಪಿಕೊಂಡಿದ್ದರೆ ನಮ್ಮ ಮಕ್ಕಳ ಕೊರಳಿಗೆ ಸ್ಕಾರ್ಫ್ ಬರುತ್ತಿರಲಿಲ್ಲ. ಹಿರಿಯರು ತೆರೆದ ಬಾಗಿಲನ್ನು ನಾವು ತೆರೆದೇ ಇಡಬೇಕು. ಎರಡು ರಾತ್ರಿಗಳ ಶಿಬಿರಕ್ಕೆ ಹೆಚ್ಚು ಹಣ ಬೇಕಿಲ್ಲ. ಕೆಲವು ಗುಡಾರಗಳು, ರೊಟ್ಟಿ ತಟ್ಟುವ ತಾಯಂದಿರು, ನಿದ್ದೆಗೆಡಲು ಸಿದ್ಧರಿರುವ ನಾಲ್ಕೈದು ಹಿರಿಯರು ಇದ್ದರೆ ಸಾಕು. ಈ ಶತಮಾನೋತ್ಸವದ ಚಳಿಗಾಲದಲ್ಲಿಯೇ ಅಂಥ ಐವರು ಮುಂದೆ ಬಂದು ಗುರುಗಳ ಬಳಿ ಹೆಸರು ಕೊಡಲೆಂದು ವಿನಂತಿಸುತ್ತೇವೆ. ದಾರಿಯಲ್ಲಿ ನಡೆಯುವ ಮಕ್ಕಳನ್ನು ದೇವಮಾತೆ ಕಾಯಲಿ.