ಪೂರ್ವಗ್ರಹ (ಕ್ರೈಸ್ತ ದೃಷ್ಟಿ)

ಒಬ್ಬರನ್ನು ಮಾತಾಡಿಸುವ ಮೊದಲೇ ಅವರ ಹುಟ್ಟು, ಕಸುಬು, ಊರು ನೋಡಿ ಕಟ್ಟಿಕೊಳ್ಳುವ ತೀರ್ಮಾನ. ಹೊಸ ಒಡಂಬಡಿಕೆಯ ಪ್ರಕಾರ ಇದು ಶಿಷ್ಯರನ್ನೂ ಬಿಟ್ಟಿರಲಿಲ್ಲ. ಅನ್ಯಜನರ ಮನೆ ಹೊಗಬಾರದೆಂದು ನಂಬಿದ್ದ ಪೇತ್ರನು ಕೈಸರೈಯದಲ್ಲಿ ರೋಮನ್ ಶತಾಧಿಪತಿ ಕೊರ್ನೇಲ್ಯನ ಹೊಸಿಲು ದಾಟಿದ ಮೇಲೆಯೇ ತನ್ನ ಎಣಿಕೆ ತಿದ್ದಿಕೊಂಡ. ಸಭೆಯಲ್ಲಿ ಸಿರಿವಂತನಿಗೆ ಒಳ್ಳೆಯ ಪೀಠ ಕೊಟ್ಟು ಬಡವನನ್ನು ಕೆಳಗೆ ಕೂರಿಸುವುದನ್ನು ಯಾಕೋಬನ ಪತ್ರಿಕೆ ಪಾಪವೆಂದೇ ಕರೆಯುತ್ತದೆ.

ಕರ್ನಾಟಕದಲ್ಲಿ ಇದು ಜಾತಿಯ ಎದುರು ನಿಂತ ಪ್ರಶ್ನೆ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ (1811–1881) ಮಂಗಳೂರಿನಲ್ಲಿ ವಿದ್ಯಾರ್ಥಿಗಳೊಂದಿಗೇ ಬಾಳಿ ಉಂಡ. 1844ರಲ್ಲಿ ಕ್ರೈಸ್ತನಾದ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯ, ಕೊಡಗಿನ ಹೊಲೆಯರ ನಡುವೆ ಮೋಗ್ಲಿಂಗ್ ಜೊತೆ ದುಡಿದ. ಅಲ್ಲಿನ ಆನಂದಪುರ ಎಂಬ ಊರು ಆನಂದರಾವ್ ಹೆಸರಿನದು. ಬೋಧನೆಗಿಂತ ಈ ಸಹವಾಸವೇ ದೊಡ್ಡದು.

ಆದರೆ ಕೊಪ್ಪಳ ಜಿಲ್ಲೆಯಲ್ಲಿ ಜಾತಿಯ ಗಾಯ ಇನ್ನೂ ಹಸಿ. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಮಗು ಹನುಮಂತನ ಗುಡಿಯೊಳಗೆ ಓಡಿತು. ಅಂದು ಅದರ ಹುಟ್ಟುಹಬ್ಬ. ತಂದೆ ಹೊರಗೇ ನಿಂತು ಕೈಮುಗಿಯುತ್ತಿದ್ದ. ಗುಡಿಯ ಶುದ್ಧೀಕರಣಕ್ಕೆಂದು ಆ ಕುಟುಂಬಕ್ಕೆ 25,000 ರೂಪಾಯಿ ದಂಡ ಹಾಕಲಾಯಿತು. ಮಗುವಿನ ಹೆಜ್ಜೆಯನ್ನು ಅದರ ಜಾತಿಯಿಂದ ಅಳೆದ ಈ ತೀರ್ಪಿಗಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ಹಿಂಸೆಗಾಗಿ 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಈ ಪೂರ್ವಗ್ರಹಕ್ಕೆ ಚರ್ಚುಗಳೂ ಹೊರತಲ್ಲ. ಒಂದೇ ಬಟ್ಟಲಿನ ಪ್ರಸಾದ ಸ್ವೀಕರಿಸಿ, ಮದುವೆಯ ಮಾತು ಬಂದಾಗ ಮೂಲ ಜಾತಿ ಹುಡುಕುವವರು ಇಂದಿಗೂ ಇದ್ದಾರೆ. ಅವರು ಪೇತ್ರನಂತೆ ಹೊಸಿಲು ದಾಟಬೇಕು.